ಹೂಂ ಎಂದ ಗಳಿಗೆ



ಕರಾರು ಕಾನೂನಿನ ಪಾಠವನ್ನು ಲಂಡನ್ನಿನ ಯಾವುದಾದರೊಂದು ಮೊಕದ್ದಮೆಯಿಂದ ಶುರುಮಾಡುವುದು ನಮ್ಮ ಕಾಲೇಜುಗಳ ವಾಡಿಕೆ. ಇವತ್ತು ಮಡಿಕೇರಿಯಿಂದ ಹೊರಡೋಣ. ಅಲ್ಲಿ ‘ಮಾರ್ವರ್ನ್ ಲಾಡ್ಜ್’ ಎಂಬ ಬಂಗಲೆಯೊಂದಿತ್ತು. ಅದರ ಒಡೆಯ ಮ್ಯಾಕ್‌ಫರ್ಸನ್ ಊರಲ್ಲಿರಲಿಲ್ಲ. ಅವರ ಪರವಾಗಿ ಮಡಿಕೇರಿಯಲ್ಲಿದ್ದವರು ಕಾಗದ, ತಂತಿಗಳ ಮೂಲಕ ಸುದ್ದಿ ಮುಟ್ಟಿಸುತ್ತಿದ್ದರು. ಆ ಬಂಗಲೆಯ ಮೇಲೆ ಅಪ್ಪಣ್ಣ ಎಂಬವರಿಗೆ ಕಣ್ಣಿತ್ತು. ಅವರು ಹೇಳಿದ ಬೆಲೆ ಒಡೆಯರ ಕಿವಿಗೆ ಬಿತ್ತು. ತಿರುಗಿ ಬಂದ ತಂತಿಯ ಸಾರಾಂಶ ಇಷ್ಟೇ: ಹತ್ತು ಸಾವಿರ ರೂಪಾಯಿಗಿಂತ ಕಡಿಮೆಗೆ ಒಪ್ಪುವುದಿಲ್ಲ. ಅಪ್ಪಣ್ಣ ಹತ್ತು ಸಾವಿರಕ್ಕೆ ಸೈ ಎಂದರು. ಅಷ್ಟರಲ್ಲಿ ಇನ್ನೂ ಹೆಚ್ಚು ಕೊಡುವವರು ಬಂದರು, ಬಂಗಲೆ ಅವರ ಪಾಲಾಯಿತು. ‘ನನಗೆ ಕೊಡುತ್ತೇನೆಂದು ಒಪ್ಪಿ ಇನ್ನೊಬ್ಬರಿಗೆ ಕೊಟ್ಟಿದ್ದಾರೆ, ಕರಾರಿನಂತೆ ನನಗೇ ಕ್ರಯ ಮಾಡಿಕೊಡಿಸಿ’ ಎಂದು ಅಪ್ಪಣ್ಣ ದಾವೆ ಹೂಡಿದರು.

ಈ ಪಂಚಾಯ್ತಿ ನಮ್ಮ ಯಾವುದಾದರೂ ಊರಿನ ಜಗುಲಿಯ ಮೇಲೆ ನಡೆದಿದ್ದರೆ ಅಪ್ಪಣ್ಣನವರೇ ಗೆಲ್ಲುತ್ತಿದ್ದರು ಎಂದು ನನ್ನ ಅಂದಾಜು. ‘ಹತ್ತು ಅಂದರು, ಹತ್ತು ಕೊಡ್ತೀನಿ ಅಂದರು, ಮತ್ತೇನು ಬಾಕಿ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. 1951ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬೇರೆ. ಹತ್ತು ಸಾವಿರಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ ಎಂದವನು ಹತ್ತು ಸಾವಿರಕ್ಕೆ ಕೊಡುತ್ತೇನೆ ಎಂದು ಹೇಳಿದಂತಾಗಲಿಲ್ಲ. ಅದು ‘ಅದಕ್ಕಿಂತ ಮೇಲೆ ಮಾತಾಡಿ ನೋಡೋಣ’ ಎಂಬ ಕರೆ, ಅಷ್ಟೇ. ಹಾಗಾಗಿ ಅಪ್ಪಣ್ಣನವರ ‘ಸೈ’ ಒಪ್ಪಿಗೆಯಲ್ಲ, ಅದೇ ಮೊದಲ ಪ್ರಸ್ತಾಪ. ಅದಕ್ಕೆ ಒಡೆಯರು ಹೂಂ ಎನ್ನಬೇಕಿತ್ತು. ಎನ್ನಲಿಲ್ಲ. ಕರಾರು ಹುಟ್ಟಲೇ ಇಲ್ಲ.

ಕೋರ್ಟಿಗೆ ಆಗ ದಾರಿ ತೋರಿಸಿದ್ದು ಜಮೈಕಾದ ಒಂದು ಹಳೆಯ ವ್ಯಾಜ್ಯ. ಫೇಸಿ ಎಂಬಾತ ಕಿಂಗ್‌ಸ್ಟನ್‌ನಿಂದ ರೈಲಿನಲ್ಲಿ ಹೋಗುತ್ತಿದ್ದಾಗ ಅವನಿಗೊಂದು ತಂತಿ ಬಂತು: ಬಂಪರ್ ಹಾಲ್ ಪೆನ್ ಎಂಬ ಆಸ್ತಿಯನ್ನು ಮಾರುತ್ತೀರಾ, ಕಡೆಯ ನಗದು ಬೆಲೆ ತಿಳಿಸಿ ಎಂದು. ಅವನು ಕಡೆಯ ಬೆಲೆ 900 ಪೌಂಡ್ ಎಂದು ಉತ್ತರಿಸಿದ. ಕೊಳ್ಳುವವರು 900ಕ್ಕೆ ಒಪ್ಪಿದೆವು ಎಂದು ಮೂರನೆಯ ತಂತಿ ಕಳಿಸಿದರು. 1893ರಲ್ಲಿ ಪ್ರಿವಿ ಕೌನ್ಸಿಲ್ ಆ ಮೊದಲ ತಂತಿಯಲ್ಲಿ ಎರಡು ಪ್ರಶ್ನೆಗಳಿದ್ದವು ಎಂಬುದನ್ನು ಗಮನಿಸಿತು. ಮಾರುತ್ತೀರಾ ಎಂಬುದು ಒಂದು, ಬೆಲೆ ಎಷ್ಟು ಎಂಬುದು ಇನ್ನೊಂದು. ಫೇಸಿ ಎರಡನೆಯದಕ್ಕಷ್ಟೇ ಉತ್ತರ ಕೊಟ್ಟಿದ್ದ. ಮೊದಲನೆಯದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ.

ಈ ತೀರ್ಪುಗಳನ್ನು ಮೊದಲ ಬಾರಿ ಓದುವ ವಿದ್ಯಾರ್ಥಿಗೆ ಕೂದಲು ಸೀಳಿದಂತೆ ಅನಿಸುವುದು ಸಹಜ. ನನ್ನ ಇಂದಿನ ಮಾತು ಆ ಕೂದಲನ್ನು ಏಕೆ ಸೀಳಬೇಕು ಎಂಬುದರ ಬಗ್ಗೆಯೇ. ಮಾತುಕತೆ ಶುರುವಾದ ಹೊತ್ತಿಗೂ ಕರಾರು ಕಟ್ಟಿಹಾಕುವ ಹೊತ್ತಿಗೂ ನಡುವೆ ಒಂದು ಅಂತರ ಇದ್ದೇ ಇರುತ್ತದೆ. ಆ ಅಂತರದಲ್ಲಿ ಬೆಲೆ ಏರುತ್ತದೆ, ಇಳಿಯುತ್ತದೆ, ಇನ್ನೊಬ್ಬ ಗಿರಾಕಿ ಬರುತ್ತಾನೆ, ಕಾಗದ ಕಳೆದುಹೋಗುತ್ತದೆ, ಮನುಷ್ಯ ಸತ್ತೇ ಹೋಗುತ್ತಾನೆ. ಆ ನಷ್ಟ ಯಾರ ತಲೆಗೆ? ಪ್ರಸ್ತಾಪ, ಒಪ್ಪಿಗೆಗಳ ನಿಯಮಗಳೆಲ್ಲ ಈ ಒಂದು ಪ್ರಶ್ನೆಗೆ ಕಂಡುಕೊಂಡ ಉತ್ತರಗಳು ಎಂದು ನನ್ನ ತಿಳಿವಳಿಕೆ.

ಕಾಯ್ದೆಯ ಚೌಕಟ್ಟನ್ನು ಬೇಗ ಹೇಳಿ ಮುಗಿಸುತ್ತೇನೆ. ಭಾರತೀಯ ಕರಾರು ಕಾಯ್ದೆ ಜಾರಿಗೆ ಬಂದದ್ದು 1872ರ ಸೆಪ್ಟೆಂಬರ್ 1ರಂದು. ಅದರ 2ನೇ ಕಲಮು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ಒಂದು ಕೆಲಸ ಮಾಡಲು ಅಥವಾ ಮಾಡದಿರಲು ತಾನು ಸಿದ್ಧನೆಂದು, ಎದುರಿನವನ ಸಮ್ಮತಿ ಪಡೆಯುವ ಉದ್ದೇಶದಿಂದ ಒಬ್ಬ ತಿಳಿಸಿದರೆ ಅದು ಪ್ರಸ್ತಾಪ. ಎದುರಿನವನು ಸಮ್ಮತಿಸಿದರೆ ಅದು ವಚನ. ಒಂದಕ್ಕೊಂದು ಪ್ರತಿಫಲವಾಗಿ ನಿಂತ ವಚನಗಳು ಒಪ್ಪಂದ. ಕಾನೂನು ಜಾರಿಮಾಡಿಕೊಡುವ ಒಪ್ಪಂದವೇ ಕರಾರು. ಕೊನೆಯ ಮೆಟ್ಟಿಲು ಹತ್ತಲು 10ನೇ ಕಲಮಿನ ಷರತ್ತುಗಳಿವೆ: ಒಪ್ಪಿಗೆ ಮುಕ್ತವಾಗಿರಬೇಕು, ಪಕ್ಷಕಾರರು ಅರ್ಹರಾಗಿರಬೇಕು, ಪ್ರತಿಫಲವೂ ಉದ್ದೇಶವೂ ಕಾನೂನುಬದ್ಧವಾಗಿರಬೇಕು. ಅಪ್ರಾಪ್ತ ವಯಸ್ಕನ ಕರಾರು ಹುಟ್ಟುತ್ತಲೇ ಶೂನ್ಯ ಎಂದು 1903ರಲ್ಲಿ ಮೋಹರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೇಳಿಯಾಗಿದೆ. ಅವೆಲ್ಲ ಬೇರೆಯೇ ಉಪನ್ಯಾಸಕ್ಕೆ ವಿಷಯ. ಇಂದು ನಮಗೆ ಬೇಕಾದದ್ದು ಮೊದಲ ಎರಡು ಮೆಟ್ಟಿಲು ಮಾತ್ರ.

ಮೊದಲನೆಯದು: ಪ್ರಸ್ತಾಪ ಮಾಡುವವನು ಯಾರು? ಮಾರುವವನೇ ಪ್ರಸ್ತಾಪ ಇಡುತ್ತಾನೆ, ಕೊಳ್ಳುವವನು ಒಪ್ಪುತ್ತಾನೆ ಎಂದು ನಾವು ಅಂದುಕೊಂಡಿರುತ್ತೇವೆ. ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ದಿನ ಹೋಗಿ ನಿಂತರೆ ಆ ಅಭಿಪ್ರಾಯ ತಲೆಕೆಳಗಾಗುತ್ತದೆ. ದಲಾಲರ ಅಂಗಡಿಯ ಮುಂದೆ ಚೀಲಗಳ ಬಾಯಿ ಬಿಚ್ಚಿ ಲಾಟು ಲಾಟಾಗಿ ಇಟ್ಟಿರುತ್ತಾರೆ. ಖರೀದಿದಾರರು ಒಂದೊಂದರ ಮುಂದೆಯೂ ನಿಂತು, ಒಂದು ಹಿಡಿ ಕಾಯಿ ಎತ್ತಿ, ಸುಕ್ಕು ನೋಡಿ, ತೇವ ನೋಡಿ, ಬಣ್ಣ ಅಂದಾಜು ಮಾಡಿ, ಕೆಮ್ಮುತ್ತಲೇ ಮುಂದೆ ಸಾಗುತ್ತಾರೆ. ಆಮೇಲೆ ಲಾಟಿನ ಸಂಖ್ಯೆಯ ಎದುರು ತಮ್ಮ ದರ ಹಾಕುತ್ತಾರೆ. ಒಬ್ಬನ ದರ ಇನ್ನೊಬ್ಬನಿಗೆ ಕಾಣುವುದಿಲ್ಲ. ಟೆಂಡರ್ ತೆರೆದಾಗ ಯಾರದು ಹೆಚ್ಚೋ ಅದು ಆ ಲಾಟಿನ ದರ. ಆದರೂ ರೈತನಿಗೆ ದರ ಒಗ್ಗದಿದ್ದರೆ ‘ಇವತ್ತು ಕೊಡಲ್ಲ’ ಎನ್ನುವ ಹಕ್ಕಿದೆ.

ಇದನ್ನು ಕರಾರು ಕಾನೂನಿನ ಕಣ್ಣಿನಿಂದ ನೋಡಿ. ಬಾಯಿ ಬಿಚ್ಚಿದ ಚೀಲ ಪ್ರಸ್ತಾಪವಲ್ಲ, ಆಹ್ವಾನ. ಖರೀದಿದಾರ ಹಾಕಿದ ದರವೇ ಪ್ರಸ್ತಾಪ. ರೈತನ ಹೂಂ ಒಪ್ಪಿಗೆ. ಕೊನೆಯ ಮಾತು ಬೆಳೆದವನ ಕೈಯಲ್ಲಿ ಉಳಿದಿದೆ. ಚೀಲ ತೆರೆದಿಟ್ಟದ್ದನ್ನೇ ಪ್ರಸ್ತಾಪ ಎಂದಿದ್ದರೆ, ಹೆಚ್ಚು ದರ ಹಾಕಿದವನದು ಎಷ್ಟೇ ಕಡಿಮೆಯಿದ್ದರೂ ರೈತ ಕೊಟ್ಟೇ ತೀರಬೇಕಾಗುತ್ತಿತ್ತು. ಯಾರನ್ನು ಪ್ರಸ್ತಾಪಕ ಎನ್ನುತ್ತೇವೆ ಎಂಬುದು ಪುಸ್ತಕದ ವಿಂಗಡಣೆ ಮಾತ್ರವಲ್ಲ, ‘ಬೇಡ’ ಎನ್ನುವ ಅಧಿಕಾರ ಯಾರಿಗೆ ಎಂಬ ತೀರ್ಮಾನ ಎಂದು ನಾನು ಹೇಳುವುದು ಇದಕ್ಕಾಗಿ.

ಬಹಿರಂಗ ಹರಾಜಿಗೂ ಇದೇ ಲೆಕ್ಕ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನ ಪ್ರಕಾರ ಸುತ್ತಿಗೆ ಬಡಿದಾಗ ಅಥವಾ ವಾಡಿಕೆಯಂತೆ ಬೇರೆ ರೀತಿಯಲ್ಲಿ ಸಾರಿದಾಗ ಮಾರಾಟ ಪೂರ್ಣ. ಅಲ್ಲಿಯವರೆಗೆ ಕೂಗಿದವನು ತನ್ನ ಕೂಗನ್ನು ವಾಪಸು ಪಡೆಯಬಹುದು. ಸರ್ಕಾರಿ ಟೆಂಡರಿನಲ್ಲಿ ನನ್ನದೇ ಹೆಚ್ಚಿನ ಬಿಡ್, ಗುತ್ತಿಗೆ ನನ್ನದೇ ಎಂದು ಸಿಹಿ ಹಂಚಿದವರು ನಮ್ಮ ಕಕ್ಷಿದಾರರಲ್ಲಿ ಎಷ್ಟಿಲ್ಲ! ಹರಾಜಿನ ಷರತ್ತಿನಲ್ಲಿ ಮೇಲಧಿಕಾರಿಯ ಅನುಮೋದನೆಗೆ ಒಳಪಟ್ಟು ಎಂದಿದ್ದರೆ ಅನುಮೋದನೆ ಬರುವವರೆಗೆ ಕರಾರಿಲ್ಲ ಎಂದು ದೆಹಲಿಯ ಮದ್ಯದ ಹರಾಜಿನ ವ್ಯಾಜ್ಯದಲ್ಲಿ, ಭೀಮಸೇನ್ ವಲಾಯತಿರಾಮ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅದರ ಮೇಲೆ ಸಂವಿಧಾನದ 299ನೇ ವಿಧಿ ಬೇರೆ: ಸರ್ಕಾರದ ಕರಾರು ರಾಷ್ಟ್ರಪತಿಗಳ ಅಥವಾ ರಾಜ್ಯಪಾಲರ ಹೆಸರಿನಲ್ಲಿಯೇ ಆಗಬೇಕು.

ಅಂಗಡಿಯ ಕಪಾಟಿನಲ್ಲಿ ಬೆಲೆಚೀಟಿ ಅಂಟಿಸಿ ಇಟ್ಟ ಸಾಮಾನೂ ಆಹ್ವಾನವೇ. ಇಂಗ್ಲೆಂಡಿನಲ್ಲಿ ಬೂಟ್ಸ್ ಎಂಬ ಔಷಧ ಅಂಗಡಿಯ ಮೇಲೆ ನಡೆದ ಮೊಕದ್ದಮೆ 1953ರಲ್ಲಿ ಅದನ್ನು ಇತ್ಯರ್ಥಪಡಿಸಿತು. ಗಿರಾಕಿ ಸಾಮಾನನ್ನು ಗಲ್ಲಾದ ಹತ್ತಿರ ತಂದಾಗ ಪ್ರಸ್ತಾಪ, ಗಲ್ಲಾದಲ್ಲಿ ಕೂತವರು ತೆಗೆದುಕೊಂಡಾಗ ಒಪ್ಪಿಗೆ. ಜಾಹೀರಾತೂ ಸಾಮಾನ್ಯವಾಗಿ ಆಹ್ವಾನ. ಆದರೆ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿಯಂತೆ ತಾವೇ ಹಗ್ಗ ಹೆಣೆದು ಕುತ್ತಿಗೆಗೆ ಹಾಕಿಕೊಂಡವರು ಇದಕ್ಕೆ ಹೊರತು. ತಮ್ಮ ಹೊಗೆಯುಂಡೆಯನ್ನು ಹೇಳಿದಂತೆ ಬಳಸಿಯೂ ಶೀತಜ್ವರ ಬಂದರೆ 100 ಪೌಂಡ್ ಕೊಡುತ್ತೇವೆ, ನಮ್ಮ ಮಾತು ನಿಜ ಎಂಬುದಕ್ಕೆ ಬ್ಯಾಂಕಿನಲ್ಲಿ 1000 ಪೌಂಡ್ ಇಟ್ಟಿದ್ದೇವೆ ಎಂದು 1891ರಲ್ಲಿ ಪ್ರಕಟಿಸಿದರು. ಶ್ರೀಮತಿ ಕಾರ್ಲಿಲ್ ದಿನಕ್ಕೆ ಮೂರು ಸಲ ವಾರಗಟ್ಟಲೆ ಮೂಗಿಗೇರಿಸಿದರು, ಜ್ವರವೂ ಬಂತು. ಅದು ಬರೀ ಬಡಾಯಿ ಎಂದು ಕಂಪನಿ ಜಾರಿಕೊಳ್ಳಲು ನೋಡಿತು. ಬ್ಯಾಂಕಿನಲ್ಲಿ ಹಣ ಇಟ್ಟು ಆಡಿದ ಮಾತು ಬಡಾಯಿಯಾಗುವುದು ಹೇಗೆ ಎಂದು ನ್ಯಾಯಾಧೀಶರು ಕೇಳಿದರು. ಒಪ್ಪಿದ್ದೇನೆ ಎಂದು ಆಕೆ ಪತ್ರ ಬರೆಯಬೇಕಿರಲಿಲ್ಲ, ಹೇಳಿದಂತೆ ಮಾಡಿದ್ದೇ ಒಪ್ಪಿಗೆ. ನಮ್ಮ ಕಾಯ್ದೆಯ 8ನೇ ಕಲಮು ಇಪ್ಪತ್ತು ವರ್ಷ ಮೊದಲೇ ಇದನ್ನು ಹೇಳಿತ್ತು: ಪ್ರಸ್ತಾಪದ ಷರತ್ತನ್ನು ನೆರವೇರಿಸುವುದೇ ಒಪ್ಪಿಗೆ.

ಹಾಗಾದರೆ ಪ್ರಸ್ತಾಪ ಇದೆ ಎಂದೇ ಗೊತ್ತಿಲ್ಲದವನು ಅದರ ಷರತ್ತನ್ನು ನೆರವೇರಿಸಿದರೆ? 1913ರಲ್ಲಿ ಅಲಹಾಬಾದ್ ಹೈಕೋರ್ಟಿಗೆ ಬಂದದ್ದು ಈ ಪ್ರಶ್ನೆ. ಕಾನ್ಪುರದ ಗೌರಿದತ್ತರ ಮನೆಯಿಂದ ಹುಡುಗನೊಬ್ಬ ಓಡಿಹೋದ. ಹುಡುಕಿ ಬರಲು ತಮ್ಮ ಮುನೀಮ ಲಾಲ್‌ಮನ್ ಶುಕ್ಲಾನನ್ನು ಹರಿದ್ವಾರದ ಕಡೆ ಕಳಿಸಿದರು. ಅವನು ಹೋದ ಮೇಲೆ, ಪತ್ತೆಹಚ್ಚಿದವರಿಗೆ 501 ರೂಪಾಯಿ ಬಹುಮಾನವೆಂದು ಕರಪತ್ರ ಹೊರಡಿಸಿದರು. ಲಾಲ್‌ಮನ್ ಋಷಿಕೇಶದಲ್ಲಿ ಹುಡುಗನನ್ನು ಪತ್ತೆಮಾಡಿದ. ಕರಪತ್ರದ ಸುದ್ದಿ ಅವನಿಗೆ ಗೊತ್ತಾದದ್ದು ಆಮೇಲೆ. ಕೆಲವು ತಿಂಗಳ ನಂತರ ಕೆಲಸದಿಂದ ತೆಗೆದಾಗ 499 ರೂಪಾಯಿಗೆ ದಾವೆ ಹೂಡಿದ. ತಿಳಿಯದ ಪ್ರಸ್ತಾಪಕ್ಕೆ ಒಪ್ಪಿಗೆ ಸಾಧ್ಯವಿಲ್ಲ, ಮೇಲಾಗಿ ಹುಡುಕುವುದು ಅವನ ನೌಕರಿಯ ಕೆಲಸವೇ ಆಗಿತ್ತು ಎಂದು ಕೋರ್ಟ್ ದಾವೆಯನ್ನು ವಜಾ ಮಾಡಿತು.

ತರಗತಿಯಲ್ಲಿ ಈ ಕಥೆ ಹೇಳಿದಾಗೆಲ್ಲ ವಿದ್ಯಾರ್ಥಿಗಳು ಲಾಲ್‌ಮನ್ ಕಡೆ ವಾಲುತ್ತಾರೆ. ನನಗೂ ಮನಸ್ಸು ಅವನ ಕಡೆಗೇ. ತೀರ್ಪಿನಲ್ಲಿ ಮಾತ್ರ ತಪ್ಪು ಹುಡುಕಲಾರೆ. ಪ್ರಸ್ತಾಪ ಒಂದು ಮನಸ್ಸಿನಿಂದ ಹೊರಟು ಇನ್ನೊಂದು ಮನಸ್ಸನ್ನು ಮುಟ್ಟಬೇಕು ಎಂಬುದು ಇಡೀ ಕಾಯ್ದೆಯ ಬುನಾದಿ. ಆ ಬುನಾದಿಯಿಂದ ಒಂದು ಕಲ್ಲು ಎಳೆದರೆ ಬರುವ ಫಲ ಲಾಲ್‌ಮನ್‌ನಂಥವರಿಗೇ ತಿರುಗಿ ಬಡಿಯುತ್ತದೆ: ತಾನು ನೋಡದ, ಕೇಳದ ಷರತ್ತಿಗೆ ನೌಕರನೂ ಕಟ್ಟುಬೀಳಬೇಕಾಗುತ್ತದೆ. ಇದೇ ಹೈಕೋರ್ಟ್ 1925ರಲ್ಲಿ ಹರ್‌ಭಜನ್ ಲಾಲ್ ಪ್ರಕರಣದಲ್ಲಿ ಉದಾರವಾಗಿಯೇ ನಡೆದುಕೊಂಡಿತು. ಬಹುಮಾನದ ಪ್ರಕಟಣೆ ಅವನಿಗೆ ಗೊತ್ತಿತ್ತು. ಬರೇಲಿ ಜಂಕ್ಷನ್ನಿನ ಧರ್ಮಶಾಲೆಯಲ್ಲಿ ಹುಡುಗನನ್ನು ಗುರುತು ಹಿಡಿದು ತಂದೆಗೆ ತಂತಿ ಕೊಟ್ಟ. ಪ್ರಕಟಣೆಯಲ್ಲಿ ಮನೆಗೆ ಕರೆತರಬೇಕು ಎಂದಿದ್ದರೂ ಷರತ್ತು ಬಹುಮಟ್ಟಿಗೆ ನೆರವೇರಿದೆ ಎಂದು ಕೋರ್ಟ್ ಅವನಿಗೆ ಬಹುಮಾನ ಕೊಡಿಸಿತು.

ಇನ್ನು ಒಪ್ಪಿಗೆ. ಅದು ಪೂರ್ಣವಾಗಿರಬೇಕು, ಷರತ್ತಿಲ್ಲದೆ ಇರಬೇಕು ಎನ್ನುತ್ತದೆ 7ನೇ ಕಲಮು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ನೋಡಿದವರಿಗೆ ಈ ಕಲಮನ್ನು ವಿವರಿಸಬೇಕಿಲ್ಲ. ಟವೆಲಿನ ಅಡಿಯಲ್ಲಿ ಒಬ್ಬ ಬೆರಳುಗಳನ್ನು ಅದುಮುತ್ತಾನೆ, ಇನ್ನೊಬ್ಬ ತಲೆಯಲ್ಲಾಡಿಸಿ ಬೇರೆ ಬೆರಳು ಹಿಡಿಯುತ್ತಾನೆ. ಸುತ್ತ ನಿಂತವರಿಗೆ ಮುಖಗಳು ಬಿಟ್ಟರೆ ಏನೂ ಕಾಣುವುದಿಲ್ಲ. ಒಂದು ಮಾತಿಲ್ಲ, ಒಂದು ಅಕ್ಷರವಿಲ್ಲ, ಆದರೂ ಜೋಡಿ ಎತ್ತು ಕೈಬದಲಾಗುತ್ತದೆ. ಕಾನೂನಿನಲ್ಲಿ ಪ್ರತಿ ಬೆರಳೊತ್ತೂ ಹೊಸ ಪ್ರಸ್ತಾಪ, ಅದು ಹಿಂದಿನದನ್ನು ಕೊಂದೇ ಹುಟ್ಟುತ್ತದೆ. 1840ರ ಹೈಡ್–ರೆಂಚ್ ಪ್ರಕರಣದಲ್ಲಿ ಜಮೀನಿಗೆ 1000 ಪೌಂಡ್ ಎಂದರು, ಕೊಳ್ಳುವವನು 950 ಎಂದ, ಮಾರುವವನು ಒಲ್ಲೆ ಎಂದ. ಆಗ ಇವನು ‘ಸರಿ, 1000ಕ್ಕೇ ಒಪ್ಪಿದೆ’ ಎಂದ. ಒಪ್ಪಲು ಅಲ್ಲಿ ಏನೂ ಉಳಿದಿರಲಿಲ್ಲ. ಚೌಕಾಸಿ ಮಾಡುವ ಹಕ್ಕು ಎಲ್ಲರಿಗೂ ಇದೆ, ಆದರೆ ಚೌಕಾಸಿ ಮುರಿದುಬಿದ್ದ ಮೇಲೆ ಮೊದಲ ಬೆಲೆ ಕಾದುಕೊಂಡು ಕೂತಿರುವುದಿಲ್ಲ.

ಮೌನದ ವಿಷಯ ಇದಕ್ಕಿಂತ ತೊಡಕಿನದು. ಮೌನಂ ಸಮ್ಮತಿ ಲಕ್ಷಣಂ ಎಂಬುದು ಮದುವೆ ಮಾತುಕತೆಗೆ ಒಗ್ಗಬಹುದು, ಕರಾರಿಗೆ ಒಗ್ಗುವುದಿಲ್ಲ. ಫೆಲ್ಟ್‌ಹೌಸ್ ಎಂಬಾತ ಇಂಗ್ಲೆಂಡಿನಲ್ಲಿ ತನ್ನ ಸೋದರನ ಮಗನಿಗೆ ಕುದುರೆಯ ಬಗ್ಗೆ ಪತ್ರ ಬರೆದ: ನಿನ್ನಿಂದ ಮತ್ತೆ ಸುದ್ದಿ ಬರದಿದ್ದರೆ ಕುದುರೆ ನನ್ನದೆಂದು ತಿಳಿಯುತ್ತೇನೆ. ಹುಡುಗ ಉತ್ತರ ಬರೆಯಲಿಲ್ಲ. ಎದುರಿನವನ ಮೌನವನ್ನು ನಾನೇ ಒಪ್ಪಿಗೆಯೆಂದು ನಿಗದಿಮಾಡಲು ಬರುವುದಿಲ್ಲ ಎಂದು 1862ರಲ್ಲಿ ತೀರ್ಪಾಯಿತು. ನಿಯಮ ಒಳ್ಳೆಯದು. ಇಲ್ಲದಿದ್ದರೆ ‘ಹತ್ತು ದಿನದೊಳಗೆ ಬೇಡ ಎನ್ನದಿದ್ದರೆ ಚಂದಾ ಮುಂದುವರಿಯುತ್ತದೆ’ ಎಂದು ಬರೆದು ಕಳಿಸುವವರಿಗೆಲ್ಲ ನಾವು ಉತ್ತರ ಬರೆಯುತ್ತ ಕೂರಬೇಕಿತ್ತು.

ಇದೇ ಒಳ್ಳೆಯ ನಿಯಮ ಎಷ್ಟು ಕಠೋರವಾಗಬಲ್ಲದು ಎಂಬುದಕ್ಕೆ ರಾಜಾ ವಾಸಿರೆಡ್ಡಿ ಪ್ರಕರಣ ಸಾಕ್ಷಿ. ವಾಸಿರೆಡ್ಡಿ ಮನೆತನದವರೊಬ್ಬರು 1960ರ ಡಿಸೆಂಬರ್ 27ರಂದು 50,000 ರೂಪಾಯಿಯ ಪಾಲಿಸಿಗೆ ಜೀವ ವಿಮಾ ನಿಗಮಕ್ಕೆ ಪ್ರಸ್ತಾವ ಕೊಟ್ಟರು, ಮೊದಲ ಪ್ರೀಮಿಯಮ್ಮನ್ನೂ ಕಟ್ಟಿದರು. 1961ರ ಜನವರಿ 12ರಂದು ತೀರಿಕೊಂಡರು. ನಿಗಮ ಆಗಿನ್ನೂ ಪ್ರಸ್ತಾವವನ್ನು ಒಪ್ಪಿರಲಿಲ್ಲ, ನಿರಾಕರಿಸಿಯೂ ಇರಲಿಲ್ಲ. ವಾರಸುದಾರರು ಹಣ ಕೇಳಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 1984ರಲ್ಲಿ. ಪ್ರಸ್ತಾವಕ್ಕೆ ಉತ್ತರ ಕೊಡದಿರುವುದು ಒಪ್ಪಿಗೆಯಲ್ಲ, ಪ್ರೀಮಿಯಂ ಪಡೆದು ಇಟ್ಟುಕೊಂಡದ್ದರಿಂದಲೂ ಒಪ್ಪಿಗೆ ಆಗದು, ಪಾಲಿಸಿ ಹುಟ್ಟಿಲ್ಲ ಎಂದಿತು ಕೋರ್ಟ್.

ಕಾಗದದ ಮೇಲಿನ ತರ್ಕ ಸರಿಯಿದೆ. ನನಗೆ ಇರುಸುಮುರುಸು ಇರುವುದು ಬೇರೆ ಕಡೆ. ಫೆಲ್ಟ್‌ಹೌಸ್ ಪ್ರಕರಣದಲ್ಲಿ ಮೌನ ವಹಿಸಿದ ಹುಡುಗ ಯಾರ ಹಣವನ್ನೂ ಜೇಬಿಗೆ ಹಾಕಿಕೊಂಡಿರಲಿಲ್ಲ. ಇಲ್ಲಿ ಮೌನ ವಹಿಸಿದವರ ಕೈಯಲ್ಲಿ ಹಣವಿತ್ತು, ಅರ್ಜಿಯಿತ್ತು, ನಿರ್ಧರಿಸುವ ಅಧಿಕಾರವೂ ಇತ್ತು. ಹದಿನಾರು ದಿನಗಳ ಅಂತರದ ಪೂರ್ತಿ ಅಪಾಯವನ್ನು ಕೋರ್ಟ್ ಹಣ ಕಟ್ಟಿದವನ ಮೇಲೆಯೇ ಹೊರಿಸಿತು. ವಿಮಾ ನಿಯಂತ್ರಣ ಪ್ರಾಧಿಕಾರ 2002ರ ತನ್ನ ನಿಯಮಗಳಲ್ಲಿ, ಪ್ರಸ್ತಾವದ ಮೇಲಿನ ತೀರ್ಮಾನವನ್ನು 15 ದಿನಗಳೊಳಗೆ ತಿಳಿಸಬೇಕು ಎಂದು ವಿಧಿಸಿತು. ಮೌನ ಒಪ್ಪಿಗೆಯಲ್ಲ ಎಂಬ ತತ್ತ್ವವನ್ನು ಮುಟ್ಟದೆಯೇ, ಮೌನಕ್ಕೊಂದು ಗಡುವು ಹಾಕಿದ್ದು ಜಾಣತನ.

ಈಗ ನಮ್ಮ ಕಾಯ್ದೆಯ ಅತ್ಯಂತ ಸೊಗಸಾದ ಭಾಗಕ್ಕೆ ಬರುತ್ತೇನೆ. ಅದು 4 ಮತ್ತು 5ನೇ ಕಲಮು. ಬೇರೆ ಬೇರೆ ಊರುಗಳಲ್ಲಿರುವ ಇಬ್ಬರು ಅಂಚೆಯಲ್ಲಿ ವ್ಯವಹರಿಸಿದರೆ ಕರಾರು ಯಾವ ಗಳಿಗೆಯಲ್ಲಿ ಹುಟ್ಟುತ್ತದೆ? ಇಂಗ್ಲೆಂಡಿನಲ್ಲಿ 1818ರ ಆಡಮ್ಸ್–ಲಿಂಡ್ಸೆಲ್ ಪ್ರಕರಣದಿಂದ ಬಂದ ನಿಯಮ ಸರಳ: ಒಪ್ಪಿಗೆಯ ಕಾಗದ ಅಂಚೆಗೆ ಬಿದ್ದೊಡನೆ ಇಬ್ಬರೂ ಕಟ್ಟುಬಿದ್ದರು. ಅದು ಉಣ್ಣೆ ವ್ಯಾಪಾರಿಗಳ ಜಗಳ. ಪ್ರಸ್ತಾಪದ ಕಾಗದಕ್ಕೆ ವಿಳಾಸ ತಪ್ಪಾಗಿ ಬರೆದದ್ದರಿಂದ ಅದು ತಡವಾಗಿ ತಲುಪಿತು, ಉತ್ತರ ಬರುವಷ್ಟರಲ್ಲಿ ಉಣ್ಣೆ ಬೇರೆಯವರಿಗೆ ಮಾರಿಹೋಗಿತ್ತು.

ನಮ್ಮ ಕಾಯ್ದೆ ಬರೆದವರು ಈ ಒಂದು ಗಳಿಗೆಯನ್ನು ಎರಡಾಗಿ ಸೀಳಿದರು. ಒಪ್ಪಿಗೆಯ ಕಾಗದ ಅಂಚೆಪೆಟ್ಟಿಗೆಗೆ ಬಿದ್ದು ಬರೆದವನ ಕೈಮೀರಿ ಹೋದಾಗ ಪ್ರಸ್ತಾಪ ಮಾಡಿದವನು ಕಟ್ಟುಬೀಳುತ್ತಾನೆ. ಒಪ್ಪಿದವನು ಕಟ್ಟುಬೀಳುವುದು ಆ ಕಾಗದ ಪ್ರಸ್ತಾಪಕನ ಅರಿವಿಗೆ ಬಂದಾಗ. ಹುಬ್ಬಳ್ಳಿಯ ವ್ಯಾಪಾರಿ ಮನೆ ಮಾರುತ್ತೇನೆಂದು ಮೈಸೂರಿನವನಿಗೆ ಬರೆದ ಎನ್ನಿ. ಮೈಸೂರಿನವನು ಸೋಮವಾರ ಒಪ್ಪಿಗೆಯನ್ನು ಅಂಚೆಗೆ ಹಾಕಿದ. ಆ ಕ್ಷಣದಿಂದ ಹುಬ್ಬಳ್ಳಿಯವನು ಹಿಂದೆ ಸರಿಯುವಂತಿಲ್ಲ. ಮೈಸೂರಿನವನಿಗೆ ರಾತ್ರಿ ನಿದ್ದೆ ಬಾರದೆ ಮನಸ್ಸು ಬದಲಾಗಿ, ಕಾಗದ ತಲುಪುವ ಮೊದಲೇ ‘ಬೇಡ’ ಎಂಬ ಸುದ್ದಿಯನ್ನು ಹುಬ್ಬಳ್ಳಿಗೆ ಮುಟ್ಟಿಸಿದರೆ ಅವನು ಪಾರು. ಅಂದರೆ ಮಂಗಳವಾರದ ದಿನ ಒಬ್ಬ ಕಟ್ಟಿನಲ್ಲಿದ್ದಾನೆ, ಇನ್ನೊಬ್ಬ ಬಿಡುವಾಗಿದ್ದಾನೆ.

ಇದು ಅಸಮ ಎಂದು ಕೆಲವರು ಟೀಕಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಅಂಚೆಯನ್ನು ಆರಿಸಿಕೊಂಡವನು, ಕಾದು ಕುಳಿತಿರಲು ಒಪ್ಪಿದವನು ಪ್ರಸ್ತಾಪಕ. ಅಂತರದ ಅಪಾಯವನ್ನು ಆತನೇ ಹೊರುವುದು ನ್ಯಾಯ. ಒಪ್ಪುವವನ ಕಾಗದದ ಮೇಲೆ ಇನ್ನೂ ಯಾರೂ ನೆಚ್ಚಿಕೊಂಡಿಲ್ಲ, ಅದನ್ನು ಯಾರೂ ಓದಿಯೇ ಇಲ್ಲ. ಅವನು ಹಿಂದೆ ಸರಿದರೆ ಯಾರಿಗೂ ನಷ್ಟವಿಲ್ಲ. ಪ್ರಸ್ತಾಪವನ್ನು ಹಿಂಪಡೆಯುವ ಸುದ್ದಿ ತಲುಪಿದಾಗಲೇ ಎದುರಿನವನಿಗೆ ಅನ್ವಯವಾಗುತ್ತದೆ ಎಂಬುದನ್ನೂ 4ನೇ ಕಲಮು ತಂತಿಯ ಉದಾಹರಣೆ ಕೊಟ್ಟು ಹೇಳಿದೆ. ಇಂಗ್ಲಿಷ್ ಕೋರ್ಟ್ ಅದನ್ನು ಖಚಿತಪಡಿಸಿದ್ದು 1880ರಲ್ಲಿ, ಬೈರ್ನ್ ಪ್ರಕರಣದಲ್ಲಿ. ನಮ್ಮ ಕಾಯ್ದೆಯನ್ನು ಇಂಗ್ಲಿಷ್ ಕಾನೂನಿನ ನಕಲು ಎಂದು ಉಪೇಕ್ಷೆಯಿಂದ ನೋಡುವವರು ಈ ಎಂಟು ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಲಿ.

ಕಾಯ್ದೆ ಬಂದು ನಾಲ್ಕು ವರ್ಷಕ್ಕೆ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದ. ಅಂಚೆಪೆಟ್ಟಿಗೆಯನ್ನು ಮನಸ್ಸಿನಲ್ಲಿಟ್ಟು ಬರೆದ ಕಲಮಿಗೆ ಫೋನು ಎದುರಾದದ್ದು ಸುಪ್ರೀಂ ಕೋರ್ಟಿನ ಭಗವಾನ್‌ದಾಸ್ ಕೇಡಿಯಾ ಪ್ರಕರಣದಲ್ಲಿ. ಅಹಮದಾಬಾದಿನವರು ಖಾಮ್‌ಗಾಂವಿನವರಿಗೆ ಫೋನು ಮಾಡಿ ಹತ್ತಿಬೀಜದ ಹಿಂಡಿ ಕೊಳ್ಳುವ ಪ್ರಸ್ತಾಪ ಇಟ್ಟರು, ಅಲ್ಲಿಯವರು ಫೋನಿನಲ್ಲೇ ಒಪ್ಪಿದರು. ಮಾಲು ಬರಲಿಲ್ಲ. ದಾವೆ ಹೂಡಬೇಕಾದದ್ದು ಎಲ್ಲಿ? ಮಾತಾಡಿದ ಖಾಮ್‌ಗಾಂವಿನಲ್ಲೋ, ಕೇಳಿಸಿಕೊಂಡ ಅಹಮದಾಬಾದಿನಲ್ಲೋ? ಎದುರುಬದುರು ಕೂತು ಮಾತಾಡಿದಂತೆಯೇ ಇದು, ಕೇಳಿಸಿದ ಕಡೆಯೇ ಕರಾರು ಎಂದು ಬಹುಮತದ ತೀರ್ಪು. ಲಂಡನ್ನಿನಲ್ಲಿ ಟೆಲೆಕ್ಸ್ ಬಗ್ಗೆ 1955ರಲ್ಲಿ ಬಂದಿದ್ದ ಎಂಟೋರ್ಸ್ ತೀರ್ಪನ್ನು ಅವರು ಅನುಸರಿಸಿದರು. ನ್ಯಾಯಮೂರ್ತಿ ಹಿದಾಯತುಲ್ಲಾ ಒಪ್ಪಲಿಲ್ಲ. ಒಪ್ಪಿದವನ ಕೈಮೀರಿ ಹೋದಾಗ ಎಂದು ಕಾಯ್ದೆ ಹೇಳಿದೆ, ಆಡಿದ ಮಾತು ತಂತಿಗೆ ಬಿದ್ದ ಕ್ಷಣವೇ ಕೈಮೀರಿತು, ಆದ್ದರಿಂದ ಖಾಮ್‌ಗಾಂವ್ ಎಂಬುದು ಅವರ ಭಿನ್ನಮತ. ಕಾಯ್ದೆಯ ಅಕ್ಷರಕ್ಕೆ ಹೆಚ್ಚು ನಿಷ್ಠವಾದದ್ದು ಹಿದಾಯತುಲ್ಲಾ ಅವರ ಓದು ಎಂದೇ ನನ್ನ ಅನಿಸಿಕೆ. ಫೋನಿನ ಗದ್ದಲದಲ್ಲಿ ಕೇಳಿಸದ ‘ಹೂಂ’ಗೆ ಯಾರನ್ನಾದರೂ ಕಟ್ಟಿಹಾಕುವುದು ಸರಿಯೇ ಎಂದು ಕೇಳಿದರೆ ಬಹುಮತದ ಕಡೆ ವಾಲಬೇಕಾಗುತ್ತದೆ.

ಮಿಂಚಂಚೆಯ ಕಾಲಕ್ಕೆ ಗೊಂದಲ ಇನ್ನೂ ಹೆಚ್ಚಬೇಕಿತ್ತು. ಹೆಚ್ಚಲಿಲ್ಲ, ಏಕೆಂದರೆ ಶಾಸಕಾಂಗ ಮೊದಲೇ ಕೈ ಹಾಕಿತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ಸಂದೇಶ ಯಾವಾಗ ಹೊರಟಿತು, ಯಾವಾಗ ತಲುಪಿತು, ಎಲ್ಲಿ ತಲುಪಿತೆಂದು ಭಾವಿಸಬೇಕು ಎಂಬುದನ್ನು 13ನೇ ಕಲಮಿನಲ್ಲಿ ಹೇಳುತ್ತದೆ. ಆಮೇಲೆ ಸೇರಿದ 10ಎ ಕಲಮು ಆ ರೀತಿ ಆದ ಕರಾರು ಅಷ್ಟರಿಂದಲೇ ಅಸಿಂಧುವಾಗದು ಎನ್ನುತ್ತದೆ. 2010ರ ಟ್ರೈಮೆಕ್ಸ್–ವೇದಾಂತ ವ್ಯಾಜ್ಯದಲ್ಲಿ ಬಾಕ್ಸೈಟ್ ಅದಿರಿನ ವ್ಯಾಪಾರ ಮಿಂಚಂಚೆಗಳಲ್ಲೇ ಕುದುರಿತ್ತು, ಸಹಿ ಹಾಕಿದ ಕರಾರುಪತ್ರ ಇರಲಿಲ್ಲ. ಮುಖ್ಯ ಅಂಶಗಳಲ್ಲಿ ಒಮ್ಮತ ಬಂದ ಮೇಲೆ, ಔಪಚಾರಿಕ ಪತ್ರ ಬಾಕಿಯಿದೆ ಎಂಬ ಕಾರಣಕ್ಕೆ ಕರಾರು ನಿಲ್ಲುವುದಿಲ್ಲ ಎಂದಿತು ಸುಪ್ರೀಂ ಕೋರ್ಟ್. ಕೆನಡಾದ ಸಸ್ಕ್ಯಾಚುವಾನ್‌ನಲ್ಲಿ 2023ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಗಸೆ ಖರೀದಿಯ ಕರಾರಿನ ಚಿತ್ರವನ್ನು ರೈತನ ಮೊಬೈಲಿಗೆ ಕಳಿಸಿ ಖಚಿತಪಡಿಸಿ ಎಂದಾಗ ಅವನು ಹೆಬ್ಬೆರಳೆತ್ತಿದ ಚಿತ್ರವನ್ನು ಒತ್ತಿದ. ಸಂದೇಶ ಸಿಕ್ಕಿತು ಎಂದಷ್ಟೇ ಅದರ ಅರ್ಥ ಎಂಬುದು ಅವನ ವಾದ. ಹಿಂದಿನ ವ್ಯಾಪಾರಗಳಲ್ಲೂ ಆತ ಒಂದೆರಡು ಪದದಲ್ಲೇ ಒಪ್ಪಿ ಮಾಲು ಕಳಿಸಿದ್ದನ್ನು ನೋಡಿ ಕೋರ್ಟ್ ಅದನ್ನು ಒಪ್ಪಿಗೆಯೆಂದೇ ಪರಿಗಣಿಸಿತು. ಪರಿಹಾರ 82,000 ಡಾಲರಿನ ಮೇಲೆ. ಟವೆಲಿನ ಅಡಿಯಲ್ಲಿ ಬೆರಳೊತ್ತುವ ದಲ್ಲಾಳಿಗಳಿಗೆ ಈ ತೀರ್ಪು ಹೊಸದೆನಿಸದು.

ಒಂದು ಮಾತು ನಮ್ಮ ಜಮೀನು ವ್ಯವಹಾರದ ಬಗ್ಗೆ, ಏಕೆಂದರೆ ಇಲ್ಲಿರುವ ವಕೀಲರ ಕಚೇರಿಗೆ ಹೆಚ್ಚು ಜನ ಬರುವುದು ಅದಕ್ಕೇ. ‘ಅಡ್ವಾನ್ಸ್ ಕೊಟ್ಟಿಲ್ಲ, ಅಗ್ರಿಮೆಂಟ್ ಬರೆದಿಲ್ಲ, ಹಾಗಾಗಿ ಏನೂ ಆಗಿಲ್ಲ’ ಎನ್ನುವವರು ಅರ್ಧ ಸರಿ. ಕ್ರಯಪತ್ರಕ್ಕೆ ನೋಂದಣಿ ಬೇಕು, ನಿಜ. ಆದರೆ ಮಾರುತ್ತೇನೆಂಬ ಬಾಯಿಮಾತಿನ ಕರಾರೂ ನಮ್ಮ ದೇಶದಲ್ಲಿ ಕರಾರೇ. ಸುಪ್ರೀಂ ಕೋರ್ಟ್ ಬ್ರಿಜ್ ಮೋಹನ್ ಪ್ರಕರಣದಲ್ಲಿ ಇದನ್ನು ಒಪ್ಪಿಕೊಂಡೇ, ಅದನ್ನು ಸಾಬೀತುಮಾಡುವ ಹೊರೆ ಭಾರಿ ಎಂದು ಎಚ್ಚರಿಸಿದೆ. ಮುಂಗಡ ಕರಾರಿನ ತಾಯಿಯಲ್ಲ, ಸಾಕ್ಷಿ.

ಕೊನೆಗೆ, ಇನ್ನೂ ಇತ್ಯರ್ಥವಾಗದ ಒಂದು ವಿಷಯವನ್ನು ವಿದ್ಯಾರ್ಥಿಗಳ ಮುಂದಿಡುತ್ತೇನೆ. ಆನ್‌ಲೈನ್ ಅಂಗಡಿಗಳಲ್ಲಿ ಬೆಲೆ ಕಂಡು ನೀವು ಬುಕ್ ಮಾಡುತ್ತೀರಿ, ಹಣ ಖಾತೆಯಿಂದ ಹೋಗುತ್ತದೆ, ಆರ್ಡರ್ ಸ್ವೀಕರಿಸಿದ್ದೇವೆ ಎಂಬ ಸಂದೇಶ ಬರುತ್ತದೆ. ಎರಡು ದಿನ ಬಿಟ್ಟು ಬೆಲೆ ತಪ್ಪಾಗಿ ಹಾಕಿದ್ದೆವು ಎಂದು ರದ್ದುಮಾಡುತ್ತಾರೆ. ಅಂಥ ಹಲವು ತಾಣಗಳ ಷರತ್ತುಗಳಲ್ಲಿ ಸಣ್ಣ ಅಕ್ಷರದಲ್ಲಿ ಹೀಗಿರುತ್ತದೆ: ನಿಮ್ಮ ಆರ್ಡರ್ ಕೇವಲ ಪ್ರಸ್ತಾಪ, ಮಾಲು ರವಾನೆ ಮಾಡಿದಾಗಲೇ ನಮ್ಮ ಒಪ್ಪಿಗೆ. ಬೂಟ್ಸ್ ಅಂಗಡಿಯ ನಿಯಮವನ್ನೇ ಅವರು ಗೋದಾಮಿನ ಬಾಗಿಲವರೆಗೆ ಎಳೆದಿದ್ದಾರೆ. ಅವರ ಪರ ವಾದಿಸುವವರು ವಾಸಿರೆಡ್ಡಿ ತೀರ್ಪನ್ನು ಹಿಡಿದು ಬರುತ್ತಾರೆ: ಹಣ ಪಡೆದದ್ದು ಒಪ್ಪಿಗೆಯಲ್ಲ. ಗ್ರಾಹಕನ ಪರ ನಿಲ್ಲುವವರ ಕೈಯಲ್ಲಿ 8ನೇ ಕಲಮಿನ ಎರಡನೆಯ ಅರ್ಧ ಇದೆ. ಪ್ರಸ್ತಾಪದ ಜೊತೆಗೆ ನೀಡಿದ ಪ್ರತಿಫಲವನ್ನು ಸ್ವೀಕರಿಸುವುದೂ ಒಪ್ಪಿಗೆಯೇ ಎನ್ನುತ್ತದೆ ಅದು. ವಿಮೆಯಲ್ಲಿ ನಿಗಮ ಪರಿಶೀಲಿಸಬೇಕಾದದ್ದು ಒಂದು ಜೀವದ ಅಪಾಯ, ಇಲ್ಲಿ ಪರಿಶೀಲಿಸುವುದಕ್ಕೆ ಏನೂ ಇಲ್ಲ, ಬೆಲೆ ಅವರೇ ಹಾಕಿದ್ದು. ಹಣ ಪಡೆದು ಕೂತ ಆ ಎರಡು ದಿನಗಳ ಅಪಾಯವನ್ನು ಮಾರುವವನು ಹೊರಬೇಕು ಎಂದೇ ನಾನು ವಾದಿಸುತ್ತೇನೆ. ಎದುರು ಪಕ್ಷದ ವಕಾಲತ್ತು ವಹಿಸಲು ನಿಮ್ಮಲ್ಲಿ ಯಾರಾದರೂ ಮುಂದೆ ಬನ್ನಿ. ಪ್ರಶ್ನೋತ್ತರಕ್ಕೆ ಅಧ್ಯಕ್ಷರು ಅರ್ಧ ಗಂಟೆ ಬಿಟ್ಟಿದ್ದಾರೆ.